ತಡವಾಗಿ ಬಂದ ಅಕ್ಷರ

ಮಾರ್ಚ್ 4, ಬೆಳಿಗ್ಗೆ

ತಿಂಡಿ ಆಯಿತು. ಇವರ ಬಾಯಿ ಒರೆಸಿ ಕೀಬೋರ್ಡನ್ನು ತೊಡೆಯ ಮೇಲಿಟ್ಟೆ. ಸ್ಟ್ರೋಕ್ ಆದಮೇಲೆ ಮಾತಿಲ್ಲ. ಎಡಗೈಯ ಒಂದು ಬೆರಳು ಮಾತ್ರ ಹೇಳಿದಂತೆ ಕೇಳುತ್ತದೆ. ತೂಕದ ಯಂತ್ರ ರಿಪೇರಿ ಮಾಡುವ ನಮ್ಮ ಅಂಗಡಿಯ ಹಳೇ ಕಂಪ್ಯೂಟರ್ ಬೋರ್ಡಿಗೆ ಪ್ರೋಗ್ರಾಮ್ ಬರೆದಿದ್ದೇನೆ — ಇವರೇ ಕಲಿಸಿದ ಫೋರ್ತ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಇವರು ಕೀ ಒತ್ತಬೇಕು. ಒತ್ತಲಿಲ್ಲ.

ಶುಕ್ರವಾರ ಸ್ಪೀಚ್ ಥೆರಪಿಸ್ಟ್ ಬರುತ್ತಾರೆ. ಅವತ್ತೂ ಉತ್ತರ ಸಿಗದಿದ್ದರೆ ಇನ್ನು ಬರುವುದಿಲ್ಲವಂತೆ.

ಮಾರ್ಚ್ 5

ನೀರು ಬೇಕಾ? ಉತ್ತರವಿಲ್ಲ. ಕಿಟಕಿ ತೆಗೆಯಲಾ? ಅದಕ್ಕೂ ಇಲ್ಲ. ಯಾರೂ ಕೇಳದಿದ್ದಾಗ ಟಪ್ ಎಂದು ಒತ್ತುತ್ತಾರೆ. ಮೈದುನ ನೋಡುತ್ತಲೇ ಇದ್ದ.

"ಅಣ್ಣಂಗೆ ಏನೂ ತಿಳೀತಿಲ್ಲ ಅತ್ತಿಗೆ. ಯಾಕೆ ಸುಮ್ನೆ ತಲೆ ಕೆಡಿಸ್ಕೊಳ್ತೀರಿ."

"ತಲೆ ನಂದು, ಕೆಡಲಿ ಬಿಡು," ಅಂದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಾರ್ಚ್ 6, ಮಧ್ಯಾಹ್ನ

ಪರದೆ ಬಿಟ್ಟು ಬೆರಳನ್ನೇ ನೋಡುತ್ತ ಕೂತೆ. ಪ್ರಶ್ನೆ ಬಂದು ಎಷ್ಟೋ ಹೊತ್ತಿಗೆ ಬೆರಳು ಏಳುತ್ತದೆ, ತಡವರಿಸುತ್ತದೆ, ಇಳಿಯುತ್ತದೆ. ಅಷ್ಟರಲ್ಲಿ ಮುಂದಿನ ಪ್ರಶ್ನೆ...

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಫೋರ್ತ್‌ನಲ್ಲಿ ಅಕ್ಷರ ತರಿಸಿಕೊಳ್ಳಲು ಎರಡು ಪದ, ಅಂದರೆ ಎರಡು ಆಜ್ಞೆ. ಒಂದು, ಯಾರಾದರೂ ಕೀ ಒತ್ತಿದ್ದಾರಾ ಎಂದು ಇಣುಕಿ ತನ್ನ ದಾರಿ ಹಿಡಿಯುತ್ತದೆ. ಇನ್ನೊಂದು ಒತ್ತುವ ತನಕ ಕಾಯುತ್ತದೆ, ಎಷ್ಟು ಹೊತ್ತಾದರೂ. ನಾನು ಹಾಕಿದ್ದು ಇಣುಕುವ ಪದ. ಸಾಲದ್ದಕ್ಕೆ, ಪ್ರತಿ ಪ್ರಶ್ನೆಗೂ ಮೊದಲು ಬೋರ್ಡಿನೊಳಗೆ ಬಂದು ಕೂತ ಅಕ್ಷರಗಳನ್ನೆಲ್ಲ ಗುಡಿಸಿ ಎಸೆಯುತ್ತಿದ್ದೆ. ಅಂಗಡಿಯ ಅಭ್ಯಾಸ — ಗಿರಾಕಿಗಳ ಮಕ್ಕಳು ಕೀ ಕುಟ್ಟಿ ತೂಕ ಕೆಡಿಸಬಾರದೆಂದು. ಇವರು ಉತ್ತರ ಕೊಡುತ್ತಲೇ ಇದ್ದರು. ನಾನೇ ಕಸಕ್ಕೆ ಹಾಕಿದೆ.

ಇಣುಕುವುದನ್ನೂ ಗುಡಿಸುವುದನ್ನೂ ಕಿತ್ತುಹಾಕಿದೆ. ಈಗ ಬರೀ ಕಾಯುವುದು. ಕಾಯುವ ಪದ ಒತ್ತಿದ್ದನ್ನು ತಾನಾಗಿ ತೋರಿಸುವುದಿಲ್ಲ. ಇವರಿಗೆ ಕಾಣಲೆಂದು ಪ್ರತಿ ಅಕ್ಷರವನ್ನೂ ಪರದೆಗೆ ಕಳಿಸಿದೆ.

ಮಾರ್ಚ್ 7, ಸಂಜೆ

"ಸರ್, ಈಗ ನಿಮಗೇನು ಬೇಕು?" ಥೆರಪಿಸ್ಟ್ ಕೇಳಿದರು. ಕರ್ಸರ್ ಮಿನುಗುತ್ತಿತ್ತು. ಬೆರಳು ಏಳಲಿಲ್ಲ. ಆಕೆ ಬ್ಯಾಗ್ ಹೆಗಲಿಗೇರಿಸಿದರು.

"ಇನ್ನೊಂಚೂರು ಇರಿ ಮೇಡಂ," ಅಂದೆ. ಗೋಡೆಗೆ ಒರಗಿ ನಿಂತಿದ್ದೆ, ಬೆಳಗಿನಿಂದ ಕೂತಿರಲಿಲ್ಲ.

ಒಂದು ಅಕ್ಷರ. ಬಹಳ ಹೊತ್ತು. ಇನ್ನೊಂದು. ಕೊನೆಗೆ ಮೂಡಿದ್ದು ಇಷ್ಟು: ಇವಳು ಕೂರಲಿ.

ಥೆರಪಿಸ್ಟೇ ಕುರ್ಚಿ ಎಳೆದುಕೊಟ್ಟರು. "ಮುಂದಿನ ಶುಕ್ರವಾರ ಬರ್ತೀನಿ," ಅಂದರು. ಈ ಮನುಷ್ಯನ ಮೇಲೆ ಇಷ್ಟು ವರ್ಷದಲ್ಲಿ ಇಷ್ಟು ಪ್ರೀತಿ ಉಕ್ಕಿರಲಿಲ್ಲ.

ಮಾರ್ಚ್ 8, ಬೆಳಿಗ್ಗೆ

ಇವತ್ತು ಪ್ರಶ್ನೆ ಹಾಕಿಲ್ಲ. ಖಾಲಿ ಪರದೆ ಇಟ್ಟು ಅಡುಗೆಮನೆಗೆ ಬಂದೆ. ಟಪ್. ಹಾಲು ಇಳಿಸಿದೆ. ಟಪ್. ಓಡಿಹೋಗಿ ನೋಡಬೇಕೆನಿಸುತ್ತದೆ. ಹೋದರೆ ಇವರು ಅವಸರಪಡುತ್ತಾರೆ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಮತ್ತೆ ಟಪ್. ಈಗ ಸದ್ದಿಲ್ಲ... ಮುಗಿಸಿದರೇನೋ. ಹೋಗಿ ನೋ—