ಮುತ್ತಜ್ಜಿಯ ಇಡ್ಲಿ

೯ ಆಗಸ್ಟ್ ೨೦೨೪, ಶುಕ್ರವಾರ. ವಡಪಳನಿ.

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಐತಜ್ಜ. ಆಗ ನಾನು ಏಳು ವರ್ಷದವ. ಅವರು ಅಡುಗೆಗಿದ್ದ ಬಂಗಲೆಯ ಬಿಳಿ ದೊರೆ ಐತಜ್ಜನ ತಾಯಿಯನ್ನು ಕೂರಿಸಿ, ಕೆಂಪು ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕೊಟ್ಟನಂತೆ. ಮಡಿಲಲ್ಲಿ ಕೈಯಿಟ್ಟು ಕೂತ ಮುದುಕಿ. ನಮ್ಮ ಮೆಸ್ಸು ಶುರುವಾದಂದಿನಿಂದ ದಿನದ ಮೊದಲ ಇಡ್ಲಿ ಗೋಡೆಯ ಮೇಲಿನ ಆ ಮುತ್ತಜ್ಜಿಗೆ. ಕಾಗದದ ಮೇಲೆಯೇ ಹಣೆಗೆ ಕುಂಕುಮ. ಎಷ್ಟು ಗಿರಾಕಿಗಳಿಗೆ ನಾನು ಈ ಕಥೆ ಹೇಳಿಲ್ಲ!

ಹೆಂಡತಿ ಗುಣವತಿಯ ಮೊಣಕಾಲಿನ ಆಪರೇಷನ್ನಿಗೆಂದು ಚಿತ್ರ ಮಾರಲು ಒಪ್ಪಿದೆ. ನಿನ್ನೆ ಹಳೆಯ ಚಿತ್ರಗಳನ್ನು ಪರೀಕ್ಷಿಸುವ ರಂಜನಿಯಮ್ಮ ಬಂದಿದ್ದರು. "ಇವರು ನಿಮ್ಮ ಮುತ್ತಜ್ಜಿ ಅಲ್ಲ ಸಾರ್. ಕಾಗದ, ಗೆರೆ ಎರಡೂ ಡಚ್ಚರದು, ಮುನ್ನೂರು ವರ್ಷ ಹಳೇದು. ಒಳ್ಳೆ ಬೆಲೆ ಬರತ್ತೆ. ಕುಂಕುಮ ಮಾತ್ರ ತೆಗೆಸಬೇಕು." ಪೆಟ್ಟಿಗೆಯಲ್ಲಿಟ್ಟು ತೆಗೆದುಕೊಂಡು ಹೋದರು.

ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ಮಗ ಸುಕೇಶ್ ನಕ್ಕ. "ಅಪ್ಪಾ, ಹಾಗಾದ್ರೆ ಇಷ್ಟು ವರ್ಷ ಯಾರೋ ದೊರೆಸಾನಿ ಅಜ್ಜಿಗೆ ಇಡ್ಲಿ ಇಟ್ಟದ್ದಾ?" ನನಗೂ ನಗು ಬಂತು. ಗುಣವತಿ ಮಾತ್ರ ನಗಲಿಲ್ಲ.

ಐತಜ್ಜನ ಮೇಲೆ ಕೋಪವಿಲ್ಲ. ಅವರ ತಾಯಿಯದು ಒಂದು ಫೋಟೋ ಕೂಡ ಇರಲಿಲ್ಲ. ಯಾರದೋ ತಾಯಿಯನ್ನು ತನ್ನವಳೆಂದು ಮನೆಗೆ ತಂದರು. ನಾನು ಅವಳನ್ನು ಮತ್ತೆ ಯಾರದೋ ಮಾಡಿ ಕಳಿಸಿದೆ. ಆ ಕುಂಕುಮ ಒರೆಸುವಾಗ...

ಇವತ್ತು ಬೆಳಿಗ್ಗೆ ಸುಕೇಶ್ ಚಿತ್ರ ತೂಗಿದ್ದ ಗೋಡೆಯ ಮೊಳೆ ಕೀಳಲು ಹೋಗಿ, ಕೀಳದೆ ಇಕ್ಕಳ ಕೆಳಗಿಟ್ಟ. ಗುಣವತಿ ಗೋಡೆ ಹಿಡಿದು ಕುಂಟುತ್ತಾ ಬಂದು, ಮೊದಲ ಇಡ್ಲಿಯನ್ನು ಆ ಮೊಳೆಯ ಕೆಳಗೆ ಇಟ್ಟಳು.