ಫಟಫಟಿಯಿಂದ ಬಿದ್ದ ದಿನ

ಶ್ರೀ ಶರಣಬಸವೇಶ್ವರ ಪ್ರಸನ್ನ

ಮಟಕಿ, ತಾ. ಆಳಂದ
೧೦-೯-೧೯೮೬

ಸೌಭಾಗ್ಯವತಿ ಗುರುಶಾಂತಾ,

ನಿನಗೆ ಮಲ್ಲಣ್ಣನ ಆಶೀರ್ವಾದ. ನಾನು ಇಲ್ಲಿ ಕ್ಷೇಮ. ಭುಜದ ನೋವು ಇಳಿಯಿತೇ? ಎಡಗೈಯಲ್ಲಿ ತುಂಬಿದ ತಂಬಿಗೆ ಎತ್ತಲು ಬರುತ್ತದೆಯೇ? ತಲೆನೋವು ಬಂದರೆ ಯಾರಿಗೂ ಹೇಳದೆ ಮೂಲೆಯಲ್ಲಿ ಮಲಗಬೇಡ. ಸೊಲ್ಲಾಪುರದ ಡಾಕ್ಟರು ಗುಳಿಗೆಯನ್ನು ಉಂಡ ಮೇಲೆ ನುಂಗು ಎಂದಿದ್ದಾರೆ. ನೀನು ಬರಿಹೊಟ್ಟೆಯಲ್ಲಿ ಚಹಾದ ಜೊತೆ ನುಂಗುವವಳು. ಹೊಲಿಗೆ ಹಾಕಿದ ಕಡೆ ಕೂದಲು ಬಂತೆಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ.

ಗ್ರಾಮಸೇವಕನ ಕೆಲಸ ನಿನಗೆ ಗೊತ್ತೇ ಇದೆ, ದಿನಕ್ಕೆ ಮೂರು ನಾಲ್ಕು ಊರು. ಫಟಫಟಿಯನ್ನು ಪಡಸಾಲೆಯಲ್ಲಿ ನಿಲ್ಲಿಸಿ, ಮೇಲೆ ಗೋಣಿತಟ್ಟು ಹೊದಿಸಿ ಐದು ತಿಂಗಳಾಯಿತು. ಬಸ್ಸಿಗೆ ಹೋಗುತ್ತೇನೆ, ಬಸ್ಸಿಲ್ಲದ ಕಡೆ ನಡೆಯುತ್ತೇನೆ. ಸಂಜೆ ಬಂದು ಕೀಲಿ ತೆಗೆದರೆ ಮುಂಜಾನೆ ಬಿಟ್ಟ ಚಹಾದ ಕಪ್ಪು ಬಿಟ್ಟಲ್ಲೇ ಇರುತ್ತದೆ. ರೊಟ್ಟಿ ಬಡಿಯಲು ಕೂತರೆ ಅಂಚೆಲ್ಲ ಹರಿಯುತ್ತದೆ. ನೆರೆಮನೆಯ ಪ್ಯಾರಿಬಿ ಸದ್ದು ಕೇಳಿ ಗೋಡೆಯಾಚೆಯಿಂದ, "ಮಲ್ಲಣ್ಣಾ, ರೊಟ್ಟಿ ಬಡ್ಯಾಕತ್ತೀಯೋ, ಗ್ವಾಡಿ ಬಡ್ಯಾಕತ್ತೀಯೋ?" ಎಂದು ನಗುತ್ತಾಳೆ. ನಕ್ಕಾದ ಮೇಲೆ, "ಗುರುಶಾಂತವ್ವ ಯಾವಾಗ ಬರ್ತಾಳ?" ಎನ್ನುತ್ತಾಳೆ. ಬರುವ ವಾರ, ಬರುವ ವಾರ ಎಂದು ಹೇಳಿ ಸಾಕಾಗಿ, ಈಗೀಗ ಬರೀ ಕೆಮ್ಮಿ ಹರಿದ ರೊಟ್ಟಿಯನ್ನು ಹಂಚಿಗೆ ಹಾಕುತ್ತೇನೆ.

ಪ್ರತಿ ಕಾಗದದಲ್ಲೂ ನೀನು ಒಂದೇ ಮಾತು ಕೇಳುತ್ತೀ: "ಅವತ್ತು ಏನಾತು? ನಾ ಸೆರಗು ಸಿಗಸಿದ್ದಿಲ್ಲೇನ್ರಿ?" ಬಿದ್ದದ್ದಷ್ಟೇ ಅಲ್ಲ, ಆ ಮುಂಜಾನೆ ಮನೆ ಬಿಟ್ಟದ್ದೂ ನಿನಗೆ ನೆನಪಿಲ್ಲ. ಮಣ್ಣೂರಿನ ತವರಿಗೆ ಹೋಗುವ ಖುಷಿಯಲ್ಲಿ ಹಿಂದೆ ಕೂತು ಒಂದೇ ಸಮನೆ ಮಾತಾಡುತ್ತಿದ್ದೆ. ಅಫಜಲಪುರ ಇನ್ನು ಮೂರು ಮೈಲಿ ಇರುವಾಗ ಮಾತು ನಡುವೆಯೇ ನಿಂತಿತು. ಗಾಡಿ ನಿಲ್ಲಿಸಿ ತಿರುಗುವುದರೊಳಗೆ ಚಕ್ರ ಸೀರೆಯನ್ನು ಸುತ್ತಿಕೊಂಡಿತ್ತು, ನೀನು ರಸ್ತೆಯ ಮೇಲಿದ್ದೆ. ಆಸ್ಪತ್ರೆಗೆ ಬಂದವರೆಲ್ಲ ನಿನ್ನ ಹಾಸಿಗೆಯ ಪಕ್ಕದಲ್ಲೇ ನಿಂತು ನಿನ್ನನ್ನೇ ಅಂದರು. ನಿನ್ನ ಸೋದರತ್ತೆ ಸುಭದ್ರಾಬಾಯಿಯವರಂತೂ, "ಸೆರಗಿನ ಮ್ಯಾಲೆ ಖಬರಿಲ್ಲದಾಕಿ, ಗಂಡನ್ನೂ ಕೆಡವತಿದ್ಳು" ಎಂದುಬಿಟ್ಟರು. ನೀನು ಕಣ್ಣು ಮುಚ್ಚಿಕೊಂಡೆ. ನಾನು ಕಿಟಕಿಯ ಕಡೆ ನೋಡುತ್ತ ನಿಂತೆ. ಈಗ ನೀನು, "ನನ್ನ ಖಬರಗೇಡಿತನದಿಂದ ನಿಮಗ ಇಷ್ಟ ತ್ರಾಸ ಆತು, ಯಾವ ಮುಖ ತಗೊಂಡು ಬರ್ಲಿ?" ಎಂದು ಬರೆದಿದ್ದೀ.

ಮೊನ್ನೆ ಆಳಂದದಿಂದ ಬರುವಾಗ ಬಸ್ಸು ಕೆಟ್ಟು, ನಡೆದು ಬರುತ್ತಿದ್ದೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಫಟಫಟಿಯ ಮೇಲೆ ಎದುರಿಗೆ ಬಂತು. ಹುಡುಗಿಯ ಹಸಿರು ಸೆರಗು ಚಕ್ರದ ಹತ್ತಿರ ಹಾರಾಡುತ್ತಿತ್ತು. ಕೈಚೀಲ ಬಿಸಾಕಿ ರಸ್ತೆಯ ನಡುವೆ ನಿಂತು ಕೂಗಿದೆ. ಗಾಡಿ ನನ್ನ ಮೊಣಕಾಲಿಗೆ ಗೇಣು ದೂರದಲ್ಲಿ ಬಂದು ನಿಂತಿತು. "ಸಾಯಾಕ ಬಂದೀಯೇನಲೇ?" ಎಂದು ಗಂಡ ಬೈದ. "ಸೆರಗು... ಸೆರಗು ನೋಡ್ರಿ" ಎಂದಷ್ಟೇ ಬಾಯಿಂದ ಬಂತು. ಹುಡುಗಿ ಗಡಬಡಿಸಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಂದ ತಪ್ಪಾತ್ರಿ ಕಾಕಾ" ಎಂದಳು. "ನಿಂದೊಬ್ಬಾಕೀದ ತಪ್ಪಲ್ಲವ್ವ" ಎಂದೆ. ಅವರು ಹೋದ ಮೇಲೆ ಮೈಲಿಗಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಯಾರದೋ ಮಗಳಿಗೆ ಅಷ್ಟು ಸರಳವಾಗಿ ಹೇಳಿದ ಮಾತನ್ನು ಐದು ತಿಂಗಳಲ್ಲಿ ನಿನಗೆ ಹೇಳಲಾಗಲಿಲ್ಲ.

ಮಾವನವರಿಗೂ ಅತ್ತೆಯವರಿಗೂ ನನ್ನ ಶರಣು ತಿಳಿಸು. ಹಾಲು ಬಿಡಬೇಡ. ಟಪಾಲು ಚೀಲ ಕಟ್ಟುವ ಹೊತ್ತಾಯಿತು.

ನಿನ್ನ ದಾರಿ ನೋಡುವ,
ಮಲ್ಲಣ್ಣ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಗಾಡಿ ತಂದಾಗ ಹಿಂದಿನ ಚಕ್ರಕ್ಕೆ ಸೀರೆ ಸಿಗದಂತೆ ಕಬ್ಬಿಣದ ಜಾಳಗಿ ಇತ್ತು. ನಮ್ಮ ಆಫೀಸಿನ ಅಣ್ಣಾರಾಯ, "ಹೆಣ್ಮಕ್ಕಳ ಗಾಡಿ ತಂದೀಯಲ್ಲೋ" ಎಂದು ನಕ್ಕ. ಮರುದಿನವೇ ಮಿಸ್ತ್ರಿ ಖಾದರಸಾಬನ ಕೈಯಿಂದ ಬಿಚ್ಚಿಸಿದೆ. "ಬ್ಯಾಡ್ರಿ ಸಾಹೇಬ್ರ, ಮನ್ಯಾಗ ಹೆಣ್ಮಕ್ಕಳು ಅದಾರ" ಎಂದು ಅವನು ಹೇಳಿದ, ನಾನು ಕೇಳಲಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಬರುವ ಸೋಮವಾರ ಮಣ್ಣೂರಿಗೆ ಬಂದು ಮಾವನವರ ಮುಂದೆ, ಸುಭದ್ರಾಬಾಯಿಯವರ ಮುಂದೆ ಹೇಳುತ್ತೇನೆ. ಆಮೇಲೆ ಬರುವುದು ಬಿಡುವುದು ನಿನ್ನ ಮನಸ್ಸು. ಅಷ್ಟರೊಳಗೆ ಈ ಕಾಗದ ಮುಚ್ಚಿಡಬೇಡ, ಎಲ್ಲರಿಗೂ ಕೇಳುವಂತೆ ಓದು. ಚಕ್ರ ಹಿಡಿದದ್ದು ಸೀರೆಯ ಕೆಳಗಿನ ನೆರಿಗೆಯನ್ನು. ಸೆರಗನ್ನು ನೀನು ಎರಡು ಸುತ್ತು ಸುತ್ತಿ ಸೊಂಟಕ್ಕೆ ಸಿಕ್ಕಿಸಿಯೇ ಕೂತಿದ್ದೆ. ನಾನು ನೋಡಿದ್ದೆ.