ಅರ್ಧಕ್ಕೆ ನಿಂತ ಜಾಜ್

ಕೆ.ಜಿ.ಎಫ್., ೧೯೬೪

ಅಪ್ಪಾ,

ನಿನ್ನೆ ನನ್ನನ್ನು ಕ್ಲಬ್ಬಿನ ಬ್ಯಾಂಡಿನಿಂದ ತೆಗೆದುಹಾಕಿದರು. ಬಂಗಾರಪೇಟೆಯ ರೈಲ್ವೆ ಹಾಲ್‌ನಲ್ಲಿ ಶುರುಮಾಡಿ ಹತ್ತು ವರ್ಷ ಗಿಟಾರಿನಲ್ಲಿ ಜಾಜ್ ನುಡಿಸಿದವನಿಗೆ ಒಂದೇ ಮಾತಿನಲ್ಲಿ ಬಾಗಿಲು ತೋರಿಸಿದರು!

ನಾನು ಮಾಡಿದ ತಪ್ಪೇನು ಗೊತ್ತೇ? ಹಾಡಿನ ನಡುವೆ ನೆಲ ಅದುರಿತು. ಕೆಳಗೆ ಗಣಿಯಲ್ಲಿ ಬಂಡೆ ಸಿಡಿದಿದೆಯೆಂದು ನಮ್ಮ ಕೂಲಿ ಲೈನಿನ ಮನೆಗಳ ಮಕ್ಕಳಿಗೂ ತಿಳಿಯುತ್ತದೆ. ಒಲೆ ಮೇಲಿನ ಎಸರನ್ನೂ ಬಿಟ್ಟು ಹೆಂಗಸರು ಗಣಿಗಿಳಿಯುವ ಶಾಫ್ಟಿನ ಬಾಯಿಗೆ ಓಡುತ್ತಾರೆ. ಕ್ಲಬ್ಬಿನ ಈ ಸಾಹೇಬರೋ, ಅಲುಗಿದ ಗ್ಲಾಸು ಹಿಡಿದುಕೊಂಡು ನಕ್ಕರು. ನಾನು ಗಿಟಾರ್ ಕೆಳಗಿಟ್ಟೆ.

"ದಿನಾ ಅದುರೋದೇ ಅಲ್ವಾ? ನೀನು ಬಾರಿಸು," ಎಂದ ಕ್ಲಬ್ಬಿನ ಸೆಕ್ರೆಟರಿ. ನಾನು ಓಡಿದೆ.

ಎಲ್ಲರೂ ಜೀವಂತವಾಗಿ ಮೇಲೆ ಬಂದರು. ವಾಪಸ್ಸು ಹೋಗಿ ಹಾಗೆಂದರೆ, "ಯಾರೂ ಸಾಯ್ಲಿಲ್ವಲ್ಲ, ಮತ್ತೆ ಯಾಕೆ ಓಡ್ದೆ?" ಎಂದು ನನ್ನನ್ನೇ ಗದರಿದ. ಯಾರಾದರೂ ಸತ್ತಿದ್ದರೆ ಕ್ಷಮಿಸುತ್ತಿದ್ದನೇನೋ!

ಎರಡು ವರ್ಷದ ಹಿಂದೆ ನಿನ್ನನ್ನು ಬಲಿ ತೆಗೆದುಕೊಂಡ ಬಂಡೆ ಸಿಡಿದಾಗಲೂ ನಾನು ಇದೇ ಕ್ಲಬ್ಬಿನಲ್ಲಿದ್ದೆ. ಅಂದು ಹಾಡು ಮುಗಿಸಿಯೇ ಎದ್ದೆ. ಇವರೆಲ್ಲ ಚಪ್ಪಾಳೆ ತಟ್ಟಿದರು.

ನಿನ್ನೆ ಶಾಫ್ಟಿನ ಬಾಯಲ್ಲಿ ಅಮ್ಮ ನನಗಿಂತ ಮೊದಲೇ ಬಂದು ನಿಂತಿದ್ದಳು. ನನ್ನ ಬರಿಗೈಯನ್ನೇ ನೋಡಿದಳು.

"ಇವತ್ತು ಬಂದ್ಯೇನ್ಲಾ?" ಎಂದಳು.